ಮನಿಗೆ ಒಂದು ಲೈಸೆನ್ಸ್ ಸಾಕು ಅನ್ನವರಿಗೆ

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮವರ ಮನಿಗೆ ಹೋಗಿ, ಚಹಾ ಕುಡಕೋತ, ಡ್ರೈವಿಂಗ್ ಲೈಸೆನ್ಸಿನ ಮಾತು ತಗದು ನೋಡ್ರಿ. ಭಾಳಷ್ಟು ಮನ್ಯಾಗ ಒಂದ ಉತ್ತರ ಬರ್ತದ: "ಮೊದಲ ಇವರದೊಂದು ಆಗ್ಲಿ, ಆಮ್ಯಾಲೆ ನಂದು ನೋಡೂಣು." ಹೇಳಾಕಿ ನಕ್ಕೋತ ಹೇಳ್ತಾಳ, ಬಾಜೂಕ ಕೂತಂವ ಗೋಣು ಹಾಕ್ತಾನ. ಕೇಳಲಿಕ್ಕೆ ಎಷ್ಟು ಶಾಣ್ಯಾ ಮಾತು! ರೊಕ್ಕ ಉಳೀತು, ಜಗಳ ಇಲ್ಲ, ಯಜಮಾನ್ರದು ಮೊದಲ ಆತು. ಆದ್ರ ನಾ ಹೇಳ್ತೀನಿ, ಆ ಮನ್ಯಾಗ ಇದರಷ್ಟು ತುಟ್ಟಿ ಬೀಳೋ ಮಾತು ಇನ್ನೊಂದಿಲ್ಲ. ಯಾಕಂದ್ರ ಇಲ್ಲಿ ಕಾಯಿದೇದಾಗ "ಆಮ್ಯಾಲೆ" ಅನ್ನೂದಕ್ಕ ಜಾಗಾನ ಇಲ್ಲ. ಇಬ್ಬರೂ ಕೂಡಿ ಬಂದಿದ್ರ ಇಬ್ಬರ ಗಡಿಯಾರನೂ ಒಂದ ದಿನ ಶುರು ಆಗ್ತದ, ಒಂದ ದಿನ ನಿಂದರ್ತದ. ಗಂಡಂದು ಮೊದಲು, ಹೆಂಡತಿದು ಹಿಂದಾಗಡೆ ಅಂತ ಆ ಗಡಿಯಾರಕ್ಕ ಗೊತ್ತಿಲ್ಲ.

ಮೊದಲ ಕಾಯಿದೆ ಏನದ ನೋಡೂಣು. ನಮ್ಮ ದೇಶದ ಕಾರ್ ಲೈಸೆನ್ಸ್ ಚಾಲ್ತಿ ಒಳಗಿದ್ರ, ಇಂಗ್ಲಂಡ, ಸ್ಕಾಟ್ಲಂಡ, ವೇಲ್ಸಿಗೆ ಬಂದು ನೆಲಿ ನಿಂತ ದಿನದಿಂದ 12 ತಿಂಗಳು ಅದರ ಮ್ಯಾಲೆನ ಗಾಡಿ ಹೊಡೀಬಹುದು. 12 ತಿಂಗಳು ಮುಗೀತಂದ್ರ ಅದು ಇಲ್ಲಿ ಬರೇ ಪ್ಲಾಸ್ಟಿಕ್ಕಿನ ಚೂರು. ಆಸ್ಟ್ರೇಲಿಯಾ, ಜಪಾನ, ಸಿಂಗಾಪುರ, ದಕ್ಷಿಣ ಆಫ್ರಿಕಾ, ಝಿಂಬಾಬ್ವೆದ ಲೈಸೆನ್ಸ್ ಇದ್ದವರು ತಮ್ಮದು ಕೊಟ್ಟು ಇಲ್ಲಿದು ಬದಲಿ ತಗೋಬಹುದು. ಆ ಯಾದಿ ಒಳಗ ಭಾರತದ ಹೆಸರಿಲ್ಲ. ಇಪ್ಪತ್ತು ವರ್ಷ ಹುಬ್ಬಳ್ಳಿ–ಬೆಂಗಳೂರು ಹೊಡದಂವನೂ ಮೊದಲಿಂದ ಶುರು ಮಾಡಬೇಕು: ಪ್ರೊವಿಜನಲ್ ಲೈಸೆನ್ಸ್, ಥಿಯರಿ ಪರೀಕ್ಷೆ, ಆಮ್ಯಾಲೆ ರಸ್ತೆ ಮ್ಯಾಲಿನ ಪರೀಕ್ಷೆ. ಥಿಯರಿ ಒಳಗ 50 ಪ್ರಶ್ನೆ, 43 ಸರಿ ಬರಬೇಕು. ಅದರ ಸಂಗಾಟ 14 ವಿಡಿಯೋ ತುಣುಕು ನೋಡಿ, ಅಪಾಯ ಎಲ್ಲಿಂದ ಬರಲಿಕ್ಕತ್ತದ ಅಂತ ಲಗೂನ ಗುರುತು ಹಿಡದು ಒತ್ತಬೇಕು. 75ಕ್ಕ 44 ಅಂಕ ಬೇಕು. ರಸ್ತೆ ಪರೀಕ್ಷೆ ಸುಮಾರು 40 ನಿಮಿಷದ್ದು. ಸಣ್ಣ ತಪ್ಪು 15ರ ತನಕ ನಡೀತದ, ದೊಡ್ಡ ತಪ್ಪು ಒಂದ ಆದ್ರೂ ಫೇಲು.

ಈ ಕಾಯಿದೆ ಸರಿ ಅದನೋ ಇಲ್ಲೋ ಅನ್ನೂದು ಬ್ಯಾರೆ ಜಗಳ. ನನ್ನ ಕೇಳಿದ್ರ ಸರೀನ ಅದ. ಎಡಕ್ಕ ಹೊಡೀತಾರ ಅನ್ನೂದೊಂದು ಬಿಟ್ರ ಇಲ್ಲಿ ರಸ್ತೆ ನಮ್ಮೂರ ರಸ್ತೆ ಅಲ್ಲ. ವೃತ್ತದಾಗ ಬಲಗಡೆಯಿಂದ ಬರವರಿಗೆ ಮೊದಲ ದಾರಿ ಬಿಡಬೇಕು. ಬಿಳಿ ಪಟ್ಟಿ ಮ್ಯಾಲೆ ಕಾಲಿಟ್ಟವರಿಗೆ ಗಾಡಿ ನಿಂದರಬೇಕು. 2022ರಿಂದ ತಿರುವಿನ್ಯಾಗ ದಾಟಲಿಕ್ಕೆ ಕಾಯ್ಕೋತ ನಿಂತವರಿಗೂ ದಾರಿ ಬಿಡ್ರಿ ಅಂತ ಹೈವೇ ಕೋಡ್ ಹೇಳ್ತದ. ಇದನ್ನ ಕಲೀಲಿಕ್ಕೇ ಬೇಕು. ಹಿಂಗಾಗಿ ನನ್ನ ಜಗಳ ಕಾಯಿದೆ ಕೂಡ ಅಲ್ಲ. ನನ್ನ ಜಗಳ ನಮ್ಮ ಮನ್ಯಾಗ ಹಚ್ಚೋ ಪಾಳಿ ಕೂಡ.

ಪಾಳಿ ಹಚ್ಚಿದ್ರ ಏನಾಗ್ತದ, ತಿಂಗಳಿನ ಲೆಕ್ಕ ಹಿಡೀರಿ. ಮೊದಲ ಎರಡು ಮೂರು ತಿಂಗಳು ಮನಿ ಹುಡುಕೂದು, ಹುಡುಗರ ಸಾಲಿ, ಬ್ಯಾಂಕು, ಹಾಸಿಗಿ ಮಂಚ ಇದರಾಗ ಹೋಗ್ತಾವ. ಆಮ್ಯಾಲೆ ಇಂವ ಪ್ರೊವಿಜನಲ್ ತಗಸ್ತಾನ, ಥಿಯರಿ ಪಾಸ್ ಆಗ್ತಾನ, ರಸ್ತೆ ಪರೀಕ್ಷೆದ ದಿನಾಂಕ ಹುಡುಕ್ತಾನ. 24 ವಾರದ ಮುಂದ ತನಕ ಬುಕಿಂಗ್ ತಗದಿರ್ತಾರ, ಎಷ್ಟೋ ಊರಾಗ ಆ 24 ವಾರದ ತುದ್ಯಾಗ ಒಂದು ದಿನ ಸಿಕ್ರ ಪುಣ್ಯ. ಅದೂ ಪಾಸ್ ಆದ್ರ! ಪರೀಕ್ಷೆ ಕೊಟ್ಟವರೊಳಗ ಅರ್ಧಕ್ಕರ್ಧ ಮಂದಿ ಪಾಸ್ ಆಗೂದಿಲ್ಲ. ಫೇಲ್ ಆದ್ರ 10 ಕೆಲಸದ ದಿನ ಬಿಟ್ಟ ಇನ್ನೊಮ್ಮೆ ಕೂಡಬೇಕು, ಅಂದ್ರ ಮತ್ತ ಆ ಸಾಲಿನ ಬಾಲಕ್ಕ ಹೋಗಿ ನಿಂದರಬೇಕು. ಇಂವ ಪೆಢೆ ಹಂಚೂ ಹೊತ್ತಿಗೆ ವರ್ಷ ಮುಗದಿರ್ತದ. ಈಗ ಆಕಿ ಪಾಳಿ ಬಂತು ಅನ್ರಿ. ಆಕಿ ಊರಿಂದ ತಂದ ಲೈಸೆನ್ಸ್ ಅಷ್ಟರಾಗ ಸತ್ತಿರ್ತದ, ಒಂದು ದಿನನೂ ಉಪಯೋಗ ಆಗಲಾರದನ.

ಇಲ್ಲೇ ಇನ್ನೊಂದು ಕೊಂಡಿ ಅದ, ಇದು ನಮ್ಮ ಮಂದಿಗೆ ತಿಳಿಯೂದು ತಡಾ ಆಗಿ. ಪ್ರೊವಿಜನಲ್ ಮ್ಯಾಲೆ ಕಲಿಯವರು ಎಲ್ ಫಲಕ ಹಚ್ಚಬೇಕು, ಬಾಜೂಕ ಒಬ್ಬರು ಕೂತಿರಬೇಕು. ಯಾರು ಬೇಕಾದವರು ಕೂಡೂ ಹಂಗಿಲ್ಲ. ಅವರಿಗೆ 21 ವರ್ಷ ಆಗಿರಬೇಕು, ಬ್ರಿಟನ್ನಿಂದೋ ಇಲ್ಲಾ ಯುರೋಪಿಂದೋ ಪೂರ್ಣ ಲೈಸೆನ್ಸ್ ಕೈಗೆ ಬಂದು 3 ವರ್ಷ ಆಗಿರಬೇಕು. ಊರಾಗ ಹದಿನೈದು ವರ್ಷ ಹೊಡದದ್ದು ಈ ಲೆಕ್ಕಕ್ಕ ಬರೂದಿಲ್ಲ. ಅಂದ್ರ ನಿನ್ನೆ ಪಾಸ್ ಆದ ಗಂಡ ಇವತ್ತ ಹೆಂಡತಿ ಬಾಜೂಕ ಕೂತು ಕಲಸೂ ಹಂಗಿಲ್ಲ. ಕಲಿಸಿ ಸಿಕ್ಕಬಿದ್ರ ದಂಡ 1,000 ಪೌಂಡಿನ ತನಕ, ಮ್ಯಾಲೆ 6ರ ತನಕ ಪೆನಲ್ಟಿ ಪಾಯಿಂಟ್, ಅದೂ ಆಕಿ ಹೆಸರಿಗೆ. "ಮೊದಲ ನಂದು ಆಗ್ಲಿ, ಆಮ್ಯಾಲೆ ನಾನ ನಿನಗ ಕಲಸ್ತೀನಿ" ಅಂತ ಪ್ರೀತಿಲೆ ಹೇಳಿದಂವಾ, ತಿಳದೋ ತಿಳೀಲಾರದನೋ, ಆಕಿಗೆ ಇನ್ನ ಮೂರು ವರ್ಷದ ಮಾತು ಹೇಳಿದ್ಹಾಂಗ ಆತು.

ಅದ ಮೊದಲನೇ ವರ್ಷದಾಗ ನೋಡ್ರಿ. ಊರಿನ ಕಾರ್ ಲೈಸೆನ್ಸ್ ಇದ್ದಾಕಿ ಪ್ರೊವಿಜನಲ್ ತಗಸಿದ ಮ್ಯಾಲೂ, ಆ 12 ತಿಂಗಳ ಒಳಗ ಆಕಿಗೆ ಎಲ್ ಫಲಕ ಬ್ಯಾಡ, ಬಾಜೂಕ ಯಾರೂ ಬ್ಯಾಡ. ತನ್ನ ಪಾಡಿಗೆ ತಾ ಹೊಡದು ರೂಢಿ ಮಾಡ್ಕೋಬಹುದು. ಪುಕ್ಕಟೆ ಸಿಕ್ಕ ಒಂದು ವರ್ಷ ಅದು! ಅದನ್ನ ಕಳಕೊಂಡಾಕಿಗೆ ಆಮ್ಯಾಲೆ ಉಳಿಯೂದು ರೊಕ್ಕ ಕೊಟ್ಟು ಕಲಿಸವರು ಮಾತ್ರ. ಅವರದು ತಾಸಿಗೆ 30–40 ಪೌಂಡ್. ಏನೂ ಬರಲಾರದವರಿಗೆ ಸುಮಾರು 45 ತಾಸು ಬೇಕಾಗ್ತದ ಅಂತ ಇಲ್ಲಿ ಸಾಮಾನ್ಯವಾಗಿ ಹೇಳೂ ಲೆಕ್ಕ. ತಾಸಿಗೆ 35ರಂಗ ಹಿಡದ್ರೂ 1,575 ಪೌಂಡ್ ಆತು. ಇಬ್ಬರೂ ಕೂಡಿ ಪರೀಕ್ಷೆ ಕೊಡೂದು ಖರ್ಚಿನ ಕೆಲಸ ಅನ್ನವರಿಗೆ ಇನ್ನೊಂದು ಲೆಕ್ಕ ಕೇಳಸ್ತೀನಿ: ಪ್ರೊವಿಜನಲ್ ಆನ್‌ಲೈನ್ ತಗಸಿದ್ರ 34 ಪೌಂಡ್, ಥಿಯರಿಗೆ 23, ವಾರದ ದಿನ ರಸ್ತೆ ಪರೀಕ್ಷೆಗೆ 62. ಸರಕಾರಕ್ಕ ಕಟ್ಟೂದು ತಲಿಗೆ 119 ಪೌಂಡ್. ಇದನ್ನ ಉಳಸಲಿಕ್ಕೆ ಹೋಗಿ ಒಂದೂವರೆ ಸಾವಿರ ಕಳಕೊಳ್ಳೂದು ಯಾವ ಊರಿನ ಶಾಣ್ಯಾತನ?

ಲೈಸೆನ್ಸ್ ಅದ ಅಂತ ಬಂದ ಮರುದಿನನ ಮೋಟರ್‌ವೇಕ್ಕ ಇಳೀರಿ ಅಂತ ನಾ ಹೇಳವಲ್ಲೆ. ನಮ್ಮಲ್ಲಿ ಲೈಸೆನ್ಸ್ ಇದ್ದೂ ಸ್ಟೇರಿಂಗ್ ಹಿಡೀಲಾರದವರು ಎಷ್ಟ ಮಂದಿ ಇದ್ದಾರ ಅನ್ನೂದು ನಿಮಗೂ ಗೊತ್ತದ, ನನಗೂ ಗೊತ್ತದ. ಹಂತಾಕಿ ಮೊದಲ ನಾಕೈದು ಪಾಠ ತಗೋಬೇಕು, ವೃತ್ತ ತಿರುಗೂದು, ಕನ್ನಡಿ ನೋಡೂದು ಕೈಗೆ ಹತ್ತಬೇಕು. ಆಮ್ಯಾಲೆ ಆಯಿತವಾರ ಮುಂಜಾನೆ ರಸ್ತೆ ಖಾಲಿ ಇದ್ದಾಗ ಸುರು ಮಾಡ್ಲಿ. ಇನ್ಶೂರೆನ್ಸಿನಾಗ ಆಕಿ ಹೆಸರು ಮೊದಲನೇ ದಿನದಿಂದ ಇರ್ಲಿ. ಹೆಸರಿಲ್ಲದ ಕೈಯಾಗ ಕೀಲಿ ಕೊಡೂದು ಬ್ಯಾಡ.

ಇನ್ನ ಊರಾಗ ಕಾರ್ ಲೈಸೆನ್ಸ್ ತಗಸಲಾರದ ಬಂದವರ ಮಾತು. ಸ್ಕೂಟಿ ಲೈಸೆನ್ಸ್ ಇಲ್ಲಿ ಕಾರಿಗೆ ನಡಿಯೂದಿಲ್ಲ. ಹಂತವರಿಗೆ ಆ ಒಂದು ವರ್ಷದ ಸವಲತ್ತು ಇಲ್ಲ, ಖರೆ. ಆದ್ರ ಅದಕ್ಕನ ಅವರು ಇನ್ನಷ್ಟ ಲಗೂನ ಸುರು ಮಾಡಬೇಕು, ಯಾಕಂದ್ರ ಅವರ ದಾರಿ ಉದ್ದ. ಕನಿಷ್ಠ 185 ದಿನ ಇಲ್ಲಿರಲಿಕ್ಕೆ ಪರವಾನಿಗಿ ಇದ್ದವರು ಪ್ರೊವಿಜನಲ್ಲಿಗೆ ಅರ್ಜಿ ಹಾಕಬಹುದು. ಥಿಯರಿ ಪಾಸ್ ಆದ್ರ ಅದು 2 ವರ್ಷ ನಡೀತದ. ಅಂದ್ರ ಕೈಯಾಗ ಕೂಸಿದ್ದರೂ, ಕಾರಿಲ್ಲದಿದ್ದರೂ, ಓದಿ ಥಿಯರಿ ಮುಗಿಸಿ ಇಟ್ಕೋಬಹುದು. "ನಾ ಕನ್ನಡ ಸಾಲ್ಯಾಗ ಕಲತಾಕಿ, ನನಗ ಇಂಗ್ಲಿಷ್ ಪರೀಕ್ಷೆ ಹೆಂಗ ಆಗ್ತದ್ರಿ?" ಅನ್ನೂ ಅಕ್ಕಾರಿಗೆ ಒಂದ ಮಾತು. ಬ್ಯಾರೆ ಭಾಷಾದಾಗ ಪ್ರಶ್ನೆ ಕೇಳಸೂದನ್ನ 2014ರಾಗ ನಿಲ್ಲಿಸ್ಯಾರ. ಈಗ ಇಂಗ್ಲಿಷ್ ಇಲ್ಲಾ ವೇಲ್ಸಿನ ಭಾಷಾ, ಎರಡ. ಆದ್ರ ಅದು ಸಾಹಿತ್ಯದ ಇಂಗ್ಲಿಷ್ ಅಲ್ಲ. ಮಂಜು ಬಿದ್ರ ಯಾವ ದೀಪ ಹಚ್ಚಬೇಕು, ಮಳಿ ಬಂದ್ರ ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು, ಇಂಥಾವು. ಎರಡು ತಿಂಗಳು ದಿನಾ ಅರ್ಧ ತಾಸು ಕೂತ್ರ ಬಂದ ಬರ್ತದ.

ಪ್ರೊವಿಜನಲ್ಲಿಂದ ಇನ್ನೊಂದು ಉಪಕಾರ ಅದ, ಅದನ್ನ ಯಾರೂ ಹೇಳೂದಿಲ್ಲ. ಹೊಸಾ ದೇಶದಾಗ ಮನಿ ಬಾಡಿಗಿ ಕರಾರು ಇವರ ಹೆಸರಲೆ, ಕರೆಂಟ್ ಬಿಲ್ಲು ಇವರ ಹೆಸರಲೆ, ನೀರು, ಇಂಟರ್ನೆಟ್ ಎಲ್ಲಾ ಇವರ ಹೆಸರಲೆ. "ನಿಮ್ಮ ವಿಳಾಸಕ್ಕ ಏನರೆ ಪುರಾವೆ ಅದ ಏನ್ರಿ?" ಅಂತ ಯಾರರೆ ಕೇಳಿದ್ರ ಆಕಿ ಬಾಯಿ ತಗೀಲಿಕ್ಕೆ ಏನೂ ಇರೂದಿಲ್ಲ. ಪ್ರೊವಿಜನಲ್ ಕಾರ್ಡಿನ್ಯಾಗ ಆಕಿ ಫೋಟೋ, ಆಕಿ ಹೆಸರು, ಆಕಿ ಮನಿ ವಿಳಾಸ ಇರ್ತದ. ಗಾಡಿ ಹೊಡಿಯೂದು ಬಿಡ್ರಿ, ಎಷ್ಟೋ ಕಡೆ ಗುರುತಿನ ಪತ್ರ ಅಂತ ತೋರಸಲಿಕ್ಕೂ ಅದು ಬರ್ತದ. 34 ಪೌಂಡಿಗೆ ಈ ದೇಶದಾಗ ಆಕಿ ಹೆಸರಲೆ ಒಂದು ಕಾಗದ ಹುಟ್ಟೂದು ಸಣ್ಣ ಮಾತಲ್ಲ.

ಈಗ ನನಗ ಸಿಟ್ಟು ಬರೂ ಮಾತಿಗೆ ಬರ್ತೀನಿ. ಧಾರವಾಡದಾಗ ಸುಭಾಸ ರೋಡಿನ ಗದ್ದಲದಾಗ, ಮುಂದ ಕಾಯಿಪಲ್ಲೆ ಚೀಲ, ಹಿಂದ ಮಗ, ಮಗನ ಬೆನ್ನಿಗೆ ಪಾಟಿಚೀಲ, ಹಂಗ ಸ್ಕೂಟಿ ನುಗ್ಗಿಸಿಕೊಂಡು ಹೋದಾಕಿ ಈಕಿನ. ಒಂದು ಕಡೆ ದನಾ, ಇನ್ನೊಂದು ಕಡೆ ಆಟೋ, ಎದುರಿಗೆ ತಪ್ಪು ಬಾಜೂಲೆ ಬರೂ ಬುಲೆಟ್. ಆವಾಗ ಯಾರೂ "ನಿನಗ ಅಂಜಿಕಿ ಆಗ್ತದ, ಬ್ಯಾಡ" ಅನ್ನಲಿಲ್ಲ. ಮಾವನವರ ಗುಳಿಗಿ ತರಬೇಕಿತ್ತು, ಗಿರಣಿಗೆ ಹೋಗಬೇಕಿತ್ತು, ಅದಕ್ಕ ಆಕಿ ಧೈರ್ಯ ಎಲ್ಲಾರಿಗೂ ಬೇಕಾಗಿತ್ತು. ವಿಮಾನ ಇಳಿದ ಕೂಡಲೇ ಅದ ಹೆಂಗಸು ಅಂಜುಬುರುಕಿ ಹೆಂಗ ಆದ್ಲು? ಇಲ್ಲಿ ರಸ್ತೆಕ್ಕ ಗೆರಿ ಅವ, ಬೋರ್ಡ್ ಅವ, ಹಿಂದಿನಾಂವ ಸುಮ್ಮ ಸುಮ್ಮನ ಹಾರ್ನ್ ಹೊಡಿಯೂದಿಲ್ಲ. ಆಕಿ ಅಂಜಿಲ್ಲ. ಆಕಿಗೆ "ಆಮ್ಯಾಲೆ" ಅಂತ ಹೇಳಿ ಹೇಳಿ, ಬಾಜೂಕಿನ ಸೀಟಿನ್ಯಾಗ ಕೂಡ್ರಿಸಿ, ಅಂಜಿಕಿ ಕಲಿಸ್ಯಾರ. ಒಂದು ವರ್ಷ ಬಾಜೂಕ ಕೂತ್ರ ಯಾರಿಗಾದ್ರೂ ಕೈ ತಪ್ಪತದ.

"ಆಕಿಗೆ ಎಲ್ಲಿಗೆ ಬೇಕಾದಲ್ಲಿ ನಾ ಕರಕೊಂಡು ಹೋಗ್ತೀನಲ್ರಿ" ಅಂತಾರ ಅಣ್ಣಾರು. ಹೋಗ್ತೀರಿ, ಇಲ್ಲ ಅನ್ನೂದಿಲ್ಲ. ಆದ್ರ ಯಾವಾಗ? ನಿಮ್ಮ ಮೀಟಿಂಗ್ ಮುಗದ ಮ್ಯಾಲೆ, ಶನಿವಾರ ನಿಮ್ಮ ನಿದ್ದಿ ಆದ ಮ್ಯಾಲೆ. ಆಕಿ ಕೇಳಬೇಕು, ನೀವು ಹೂಂ ಅನ್ನಬೇಕು. ಒಂದು ಕಟ್ಟು ಕೊತ್ತಂಬರಿ ಬೇಕಾದ್ರೂ ಕೇಳಬೇಕು. ತಾ ಗೆಳತಿ ಮನಿಗೆ ಹೋಗಬೇಕಾದ್ರ ಎರಡು ಸಲ ವಿಚಾರ ಮಾಡಿ ಕೇಳಬೇಕು. ಕೇಳಿ ಕೇಳಿ ಒಂದು ದಿನ ಕೇಳೂದ ಬಿಡ್ತಾಳ. ಆವಾಗ ನೀವು ಊರಿಗೆ ಫೋನ್ ಹಚ್ಚಿ "ಈಕಿಗೆ ಎಲ್ಲೂ ಹೋಗೂದ ಬ್ಯಾಡಾಗೇದ" ಅಂತೀರಿ.

"ಬಸ್ ಅದಾವಲ್ಲ" ಅನ್ನೂದು ಇನ್ನೊಂದು. ಲಂಡನ್ನಿನಾಗ ಅವ, ಒಪ್ಪತೀನಿ, ಅಲ್ಲೆ ಕಾರ ಬ್ಯಾಡ. ಆದ್ರ ನಮ್ಮ ಮಂದಿ ಎಲ್ಲಾರೂ ಲಂಡನ್ನಿನ ನಡುವ ಇಲ್ಲ. ಸಣ್ಣ ಊರಾಗ ಸಂಜಿ ಆದ ಮ್ಯಾಲೆ, ಆಯಿತವಾರ, ಬಸ್ಸಿನ ಹಾದಿ ನೋಡೂದು ಅಂದ್ರ ಮಳ್ಯಾಗ ಕೂಸಿನ ಗಾಡಿ ಹಿಡಕೊಂಡು ನಿಂದರೂದು. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸು ಒಂದು ಹೋದ್ರ ಇನ್ನೊಂದು ಬರ್ತದ ಅನ್ನೂ ಭರೋಸೆ ಅಲ್ಲಿ ಎಲ್ಲಾ ಕಡೆ ಇಲ್ಲ.

"ಇರೂದ ಒಂದು ಕಾರು, ಎರಡು ಲೈಸೆನ್ಸ್ ಯಾಕ?" ಇದು ಭಾಳ ಬಲವಾದ ಪ್ರಶ್ನೆ ಅಂತ ತಿಳಕೊಂಡು ಕೇಳ್ತಾರ. ಮನ್ಯಾಗ ಇರೂದು ಒಂದ ಒಲಿ, ಹಂಗಂತ ಒಬ್ಬರ ಅಡಿಗಿ ಕಲತ್ರ ಸಾಕೇನ್ರಿ? ಒಂದು ಕಾರಿದ್ದಾಗನ ಎರಡು ಲೈಸೆನ್ಸ್ ಬೇಕು, ಯಾಕಂದ್ರ ಆವಾಗ ಇಡೀ ಮನಿ ಒಂದ ಮನಷ್ಯಾನ ಮ್ಯಾಲೆ ನಿಂತಿರ್ತದ. ಆ ಮನಷ್ಯಾ ಎಷ್ಟು ಗಟ್ಟಿ ಅನ್ನೂದನ್ನೂ ಕಾಯಿದೇದಾಗ ನೋಡೂಣು. ಮೊದಲ ಸಲ ಪಾಸ್ ಆದ ದಿನದಿಂದ 2 ವರ್ಷದ ಒಳಗ 6 ಪೆನಲ್ಟಿ ಪಾಯಿಂಟ್ ಬಿದ್ರ ಲೈಸೆನ್ಸ್ ರದ್ದು. ಮತ್ತ ಪ್ರೊವಿಜನಲ್, ಮತ್ತ ಥಿಯರಿ, ಮತ್ತ ರಸ್ತೆ ಪರೀಕ್ಷೆ. ಗಾಡಿ ಹೊಡಕೋತ ಕೈಯಾಗ ಫೋನ್ ಹಿಡದು ಸಿಕ್ರ 200 ಪೌಂಡ್ ದಂಡ, ಪಾಯಿಂಟ್ ಎಷ್ಟು? ಬರೋಬ್ಬರಿ 6. ಒಂದ ಫೋನು, ಮುಗೀತು. ಜಡ್ಡು ಜಾಪತ್ರಿನೂ ಹಂಗ. ಫಿಟ್ಸ್ ಬಂದವರು ಗಾಡಿ ಹೊಡಿಯೂದು ನಿಲ್ಲಿಸಿ ಲೈಸೆನ್ಸ್ ಕೊಟ್ಟವರಿಗೆ ತಿಳಿಸಬೇಕು ಅಂತ ಕಾಯಿದೆ ಅದ. ಕಾಲು ಮುರಕೊಂಡು ಕೂಡಲಿಕ್ಕೆ ಯಾವ ಕಾಯಿದೇನೂ ಬೇಕಾಗಿಲ್ಲ, ಜನೇವರಿ ತಿಂಗಳ ಒಂದು ಮೆಟ್ಟಿಲ ಸಾಕು. ಆವಾಗ ಮನಿ ಮುಂದ ಕಾರು ನಿಂತಿರ್ತದ, ಕೀಲಿ ಗ್ವಾಡಿಗೆ ಜೋತಿರ್ತದ, ರಾತ್ರಿ ಎರಡಕ್ಕ ಕೂಸಿಗೆ ಉಬ್ಬಸ ಬಂದ್ರ ಟ್ಯಾಕ್ಸಿಯವರ ನಂಬರ್ ಹುಡುಕೂದು.

ರಸ್ತೆಕಿಂತ ಮುಂದ ಕೆಲಸದ ಮಾತೂ ಅದ. ಸ್ಕಿಲ್ಡ್ ವರ್ಕರ್ ವೀಸಾದವರ ಸಂಗಾಟ ಅವಲಂಬಿತರಾಗಿ ಬಂದವರಿಗೂ ಈ ದೇಶದಾಗ ಕೆಲಸ ಮಾಡಲಿಕ್ಕೆ ಹಕ್ಕದ. ಆದ್ರ ವಯಸ್ಸಾದವರ ಮನಿ ಮನಿಗೆ ಹೋಗಿ ನೋಡಕೊಳ್ಳೂ ಕೆಲಸಕ್ಕ ಭಾಳ ಕಡೆ ಲೈಸೆನ್ಸ್ ಕೇಳ್ತಾರ. ಬೆಳಗಿನ ಜಾವದ ಪಾಳಿ, ರಾತ್ರಿ ಪಾಳಿ ಇದ್ದ ಕೆಲಸಕ್ಕ ಕೇಳಲಾರದಿದ್ರೂ ಗಾಡಿ ಬೇಕ ಬೇಕು. ಎಂ.ಎಸ್ಸಿ. ಮಾಡಿದಾಕಿ, ಬಿ.ಎಡ್. ಮಾಡಿದಾಕಿ, ನಡಕೊಂಡು ಹೋಗೂವಷ್ಟು ದೂರದಾಗ ಏನು ಸಿಗ್ತದೋ ಅದರಾಗ ತನ್ನ ಆಯುಷ್ಯ ಅಳೀತಾಳ. ಇದರ ಲೆಕ್ಕ ಆ 119 ಪೌಂಡಿನ ಎದುರಿಗೆ ಯಾರೂ ಬರದಿಡೂದಿಲ್ಲ.

ಒಂದು ಸಣ್ಣ ವಿಷಯ, ಆದ್ರ ನೆನಪಿಡ್ರಿ. ಇನ್ಶೂರೆನ್ಸಿನಾಗ ಅಪಘಾತ ಮಾಡಲಾರದನ ಹೊಡದ ವರ್ಷಕ್ಕ ರಿಯಾಯ್ತಿ ಸಿಗ್ತದ, ನೋ ಕ್ಲೇಮ್ಸ್ ಬೋನಸ್ ಅಂತಾರಲ್ಲ, ಅದು ಸಾಮಾನ್ಯವಾಗಿ ಪಾಲಿಸಿ ಯಾರ ಹೆಸರಲೆ ಅದನೋ ಅವರ ಗಂಟಿಗೆ ಹೋಗ್ತದ. ಎರಡನೇ ಹೆಸರಾಗಿ ಐದು ವರ್ಷ ಹೊಡದ್ರೂ, ನಾಳಿಗೆ ತನ್ನದ ಒಂದು ಕಾರು ತಗೊಂಡಾಗ ಆಕಿ ಲೆಕ್ಕ ಭಾಳ ಕಡೆ ಸೊನ್ನಿಯಿಂದ ಸುರು. ಮನ್ಯಾಗ ಎರಡನೇ ಕಾರು ಬಂದು, ಅದನ್ನ ಹೊಡಿಯಾಕಿ ಆಕಿನ ಇದ್ರ, ಪಾಲಿಸಿನೂ ಆಕಿ ಹೆಸರಲೆನ ಆಗ್ಲಿ.

ಊರಾಗಿನ ಅತ್ತಿಯವರಿಗೂ, ನಮ್ಮ ಅವ್ವಂದಿರಿಗೂ ಒಂದು ವಿನಂತಿ. ವಿಡಿಯೋ ಕಾಲಿನ್ಯಾಗ "ಅವನ ಪರೀಕ್ಷೆ ಯಾವಾಗ?" ಅಂತ ವಾರಾ ಕೇಳ್ತೀರಿ. "ನಿಂದು ಯಾವಾಗವಾ?" ಅಂತ ಒಮ್ಮೆ ಕೇಳ್ರಿ. ನೀವು ಕೇಳಿದ್ರ ಇಲ್ಲಿ ಒಂದು ಅರ್ಜಿ ಮುಂದ ಸರೀತದ. ಮತ್ತ ನಮ್ಮ ತಂಗ್ಯಾರಿಗೆ: "ಇವರು ಬ್ಯಾಡ ಅಂದಿಲ್ರಿ, ನಂದ ಮನಸಿಲ್ಲ" ಅಂತ ಗಂಡನ ಮಾನ ಕಾಯೂದು ಛಲೋ ಗುಣ. ಆದ್ರ ಮನಸು ಇದ್ದಾಗ ಒಮ್ಮೆ ಸ್ಟೇರಿಂಗ್ ಹಿಡದು, ಆಮ್ಯಾಲೆ ಮನಸಿಲ್ಲ ಅನ್ರಿ, ನಾ ನಂಬತೀನಿ.

ಗಂಡ ಹೆಂಡತಿ ಇಬ್ಬರೂ ಒಂದ ಸಂಜಿ, ಒಂದ ಟೇಬಲ್ ಮ್ಯಾಲೆ, ಎರಡು ಅರ್ಜಿ ಹಾಕ್ರಿ. ಥಿಯರಿ ಪುಸ್ತಕ ಒಂದ ತರ್ರಿ, ಒಬ್ಬರು ಪ್ರಶ್ನೆ ಕೇಳ್ರಿ, ಇನ್ನೊಬ್ಬರು ಉತ್ತರ ಹೇಳ್ರಿ. ಥಿಯರಿ ಆದ ಕೂಡಲೇ ರಸ್ತೆ ಪರೀಕ್ಷೆದ ದಿನಾಂಕ ಇಬ್ಬರೂ ಹಿಡೀರಿ. ಮೊದಲ ಯಾರದು ಪಾಸ್ ಆಗ್ತದೋ ಆಗ್ಲಿ. ರೊಕ್ಕದ ಅಡಚಣಿ ಖರೇನ ಇದ್ದು, ಒಬ್ಬರದ ಆಗೂದು ಅಂದ್ರ, ಮೊದಲ ಆಕಿದು ಮಾಡ್ರಿ. ಇಂವಗ ಆಫೀಸಿನ ಮಂದಿ ಇದ್ದಾರ, ಲಿಫ್ಟ್ ಕೊಡ್ತಾರ, ಟ್ರೇನ್ ಪಾಸ್ ಅದ. ಮನ್ಯಾಗ ಇರಾಕಿಗೆ ಬರೇ ಬಾಗಿಲ ಅದ. ಅದರ ಕೀಲಿ ಮೊದಲ ಆಕಿ ಕೈಗೆ ಕೊಡ್ರಿ.